ಸೀಟು ಸಿಕ್ಕಿತು, ರೊಕ್ಕ ಯಾರು ಕೊಡ್ತಾರ?

ಆಂಧ್ರದ ಕರ್ನೂಲು ಜಿಲ್ಲೆಯ ಗಡಿ ಸೀಮೆಯ ಆಸ್ಪರಿ ಕಡೆ ಡಿಗ್ರಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಫಲಿತಾಂಶ ಬಂದ ಮೇಲಿನ ಮಾತು ಹೆಚ್ಚುಕಡಿಮೆ ಒಂದೇ: ಬಳ್ಳಾರಿಗೋ, ಕರ್ನೂಲಿಗೋ? ಆಲೂರಿನ ಮೇಲೆ ಹೋದರೆ ಬಳ್ಳಾರಿ. ಅಲ್ಲಿ ಆಡುವ ಮಾತು ಕನ್ನಡ, ನೆಂಟರಿಷ್ಟರು ಇದ್ದಾರೆ, ದಾರಿಯೂ ಕರ್ನೂಲಿಗಿಂತ ಹತ್ತಿರ. ಕರ್ನೂಲು ದೂರ. ಆದರೆ ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪಿನ ಕಾಗದಪತ್ರ ಎಲ್ಲ ಆ ಜಿಲ್ಲೆಯವು. ಅಪ್ಪ ಒಂದು ಊರಿನ ಹೆಸರು ಹೇಳುತ್ತಾನೆ, ಸೋದರಮಾವ ಇನ್ನೊಂದು. ಓದಬೇಕಾದ ಹುಡುಗಿ ಗೆಳತಿಯರು ಎಲ್ಲಿ ಸೇರುತ್ತಾರೆಂದು ಫೋನು ನೋಡುತ್ತಿರುತ್ತಾಳೆ.

ಈ ಪ್ರಶ್ನೆಗೆ ಎಪ್ಪತ್ತು ವರ್ಷ ದಾಟಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದರಾಸಿನ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಮೈಸೂರಿಗೆ ಬಂದವು. ಗೆರೆ ಎಳೆದದ್ದು ಭೂಪಟದ ಮೇಲೆ, ನಿಜ. ಆದರೆ ಇವತ್ತು ಆ ಗೆರೆ ಹಾದುಹೋಗುವುದು ಅರ್ಜಿ ನಮೂನೆಗಳ ಮೇಲೆ. ಆಲೂರಿನಾಚೆ ಒಂದು ತಾಸಿನ ದಾರಿಯಲ್ಲಿರುವ ಬಳ್ಳಾರಿ ತಾಲ್ಲೂಕಿನ ಹುಡುಗನಿಗೆ ಆ ಭಾಗದವರಿಗೆ ಸೀಟು ಮೀಸಲಿಡುವ 371-ಜೆ ಸರ್ಟಿಫಿಕೇಟು ಸಿಗುತ್ತದೆ. ಅದೇ ಮಾತು, ಅದೇ ಜಾತ್ರೆ, ಅದೇ ಜೋಳದ ರೊಟ್ಟಿಯ ಆಸ್ಪರಿ ಹುಡುಗನಿಗೆ ಸಿಗುವುದಿಲ್ಲ.

ಪಿಜಿ ಆರಿಸುವವರು ಸಾಮಾನ್ಯವಾಗಿ ಮೊದಲು ಊರು ಆರಿಸುತ್ತಾರೆ, ಆಮೇಲೆ ಕಾಲೇಜು, ಆಮೇಲೆ ವಿಷಯ. ದುಡ್ಡಿನ ಮಾತು ಸೇರಿದ ಮೇಲೆ. ಕೆಲಸದ ಮಾತು ಎರಡು ವರ್ಷವಾದ ಮೇಲೆ. ಗಡಿಯ ಮಕ್ಕಳು ಈ ಸಾಲನ್ನು ತಿರುಗಿಸಿ ಹಿಡಿಯಬೇಕು ಎಂಬುದು ನನ್ನ ವಾದ. ಮೊದಲು ಕೆಲಸ, ಆ ಕೆಲಸದ ನೇಮಕಾತಿ ನಿಯಮ, ಆಮೇಲೆ ದುಡ್ಡು ಕೊಡುವವರು ಯಾರು ಎಂಬುದು. ವಿಶ್ವವಿದ್ಯಾಲಯದ ಹೆಸರು ಕಟ್ಟಕಡೆಗೆ. ಬೆಂಗಳೂರಿನ ಮಕ್ಕಳು ಈ ಸಾಲು ತಪ್ಪಿದರೂ ಹೇಗೋ ದಾಟಿಬಿಡುತ್ತಾರೆ. ಗುಂಟೂರಿನ ಮೆಣಸಿನಕಾಯಿ ಸುಗ್ಗಿಗೆ ವಲಸೆ ಹೋಗಿ ದುಡಿದು ಬಂದು ಫೀಸು ಕಟ್ಟುವ ಮನೆಗಳು ದಾಟುವುದು ಕಷ್ಟ.

ಕನ್ನಡ ಎಂ.ಎ.ಯಿಂದಲೇ ಶುರು ಮಾಡೋಣ, ಏಕೆಂದರೆ ಈ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಎಲ್ಲರೂ ತೋರಿಸುವ ದಾರಿ ಅದು. ತೋರಿಸುವುದಕ್ಕೆ ಕಾರಣವೂ ಇದೆ. ಕಾದಂಬರಿಕಾರ ಕುಂ. ವೀರಭದ್ರಪ್ಪನವರು ಮೇಷ್ಟರಾಗಿ ದುಡಿದದ್ದು ಆಂಧ್ರದ ಇದೇ ಗಡಿ ಸೀಮೆಯ ಹಳ್ಳಿಗಳಲ್ಲಿ. ಕನ್ನಡ ಮೇಷ್ಟರ ಕೆಲಸ ಇಲ್ಲಿ ನಾಲ್ಕು ಜನ ಕಣ್ಣಾರೆ ಕಂಡ ಕೆಲಸ, ಮರ್ಯಾದೆಯ ಕೆಲಸ. ಆಂಧ್ರದ ಶಿಕ್ಷಕರ ಅರ್ಹತಾ ಪರೀಕ್ಷೆ ಟೆಟ್‌ನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು, ಶಿಕ್ಷಕರ ನೇಮಕಾತಿಯ ಡಿಎಸ್‌ಸಿಯಲ್ಲಿ ಉರ್ದು, ಒಡಿಯಾ, ತಮಿಳಿನ ಜೊತೆ ಕನ್ನಡಕ್ಕೂ ಹುದ್ದೆಗಳಿವೆ.

ಆದರೆ ಆ ಹುದ್ದೆ ಕೇಳುವುದೇನು? ಪ್ರಾಥಮಿಕ ಶಾಲೆಯ ಎಸ್‌ಜಿಟಿ ಹುದ್ದೆಗೆ ಡಿ.ಎಲ್.ಇಡಿ. ಬೇಕು, ಬಿ.ಇಡಿ. ಮಾಡಿದವರು ಪ್ರಾಥಮಿಕ ಶಿಕ್ಷಕರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ಹೇಳಿಬಿಟ್ಟಿದೆ. ಹೈಸ್ಕೂಲಿನ ಸ್ಕೂಲ್ ಅಸಿಸ್ಟೆಂಟ್ ಹುದ್ದೆಗೆ ಬಿ.ಇಡಿ. ಬೇಕು, ಅದೂ ಆಯಾ ವಿಷಯದ ಮೆಥಡ್ ಓದಿದ ಬಿ.ಇಡಿ. ಆಯ್ಕೆಯಲ್ಲಿ ಟೆಟ್‌ಗೆ ಶೇಕಡಾ 20, ಡಿಎಸ್‌ಸಿ ಪರೀಕ್ಷೆಗೆ ಶೇಕಡಾ 80 ತೂಕ. ಎಂ.ಎ. ಮಾಡಿದ್ದಕ್ಕೆ ಈ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ. ಡಿಗ್ರಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದದವರಿಗೆ ಭಾಷಾ ಶಿಕ್ಷಕರ ಅರ್ಹತೆ ತಂದುಕೊಡುವುದು ಅದರ ಉಪಯೋಗ. ಅಂದರೆ ಬಿ.ಎಸ್‌ಸಿ. ಮಾಡಿ ಕನ್ನಡದ ಕಡೆ ತಿರುಗುವ ಹುಡುಗಿಗೆ ಎಂ.ಎ. ಒಂದು ಬಾಗಿಲು. ಡಿಗ್ರಿಯಲ್ಲೇ ಐಚ್ಛಿಕ ಕನ್ನಡ ಓದಿ ಹೈಸ್ಕೂಲ್ ಮೇಷ್ಟರಾಗಬೇಕೆಂದಿರುವ ಹುಡುಗನಿಗೆ ಅದು ಎರಡು ವರ್ಷದ ಸುತ್ತುದಾರಿ. ಅವನು ನೇರ ಬಿ.ಇಡಿ.ಗೆ ಹೋಗಲಿ. 2015ರಿಂದ ಬಿ.ಇಡಿ.ಯೇ ಎರಡು ವರ್ಷದ್ದು. ಎರಡೂ ಮಾಡಿದರೆ ನಾಲ್ಕು ವರ್ಷ, ಅಷ್ಟು ಹೊತ್ತಿಗೆ ಜೊತೆಯವರ ಮದುವೆಯಾಗಿ ಮಕ್ಕಳು ಅಂಗನವಾಡಿಗೆ ಹೋಗುತ್ತಿರುತ್ತವೆ.

ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2018ರ ಡಿಎಸ್‌ಸಿ ಆದ ಮೇಲೆ ಮುಂದಿನದು ಪೂರ್ತಿಯಾಗಿ ನಡೆದದ್ದು 2025ರಲ್ಲಿ. ನಡುವೆ 2024ರ ಫೆಬ್ರವರಿಯಲ್ಲಿ ಬಂದ ಅಧಿಸೂಚನೆ ರದ್ದಾಯಿತು. 2025ರ ಮೆಗಾ ಡಿಎಸ್‌ಸಿಯಲ್ಲಿ 16,347 ಹುದ್ದೆಗಳಿದ್ದರೂ ಅದರಲ್ಲಿ ಕನ್ನಡದ ಪಾಲು ಬಹಳ ಚಿಕ್ಕದು. ಏಳು ವರ್ಷಕ್ಕೊಮ್ಮೆ ಬರುವ ಬಸ್ಸನ್ನೇ ನಂಬಿ ಸ್ಟಾಪಿನಲ್ಲಿ ಕೂರುವ ಯೋಜನೆಯನ್ನು ನಾನು ಯಾರಿಗೂ ಹೇಳಲಾರೆ. ಡಿಎಸ್‌ಸಿ ಬಂದರೆ ಬರೆಯಿರಿ, ಅದೊಂದನ್ನೇ ಗುರಿ ಮಾಡಿಕೊಂಡು ಪಿಜಿ ಆರಿಸಬೇಡಿ.

ಹಾಗಾದರೆ ಎಂ.ಎ. ಕನ್ನಡ ಯಾರಿಗೆ? ಕಾಲೇಜು ಮಟ್ಟದಲ್ಲಿ ಪಾಠ ಮಾಡಬೇಕೆನ್ನುವವರಿಗೆ, ಸಂಶೋಧನೆಯ ಹಟ ಇರುವವರಿಗೆ. ಇವರು ಎಂ.ಎ.ಗೆ ಸೇರಿದ ದಿನವೇ ಬರೆದಿಟ್ಟುಕೊಳ್ಳಬೇಕಾದ ಪರೀಕ್ಷೆ ಯುಜಿಸಿ ನೆಟ್. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡನ್ನೂ ಬರೆದವರಲ್ಲಿ ಶೇಕಡಾ 6ರಷ್ಟು ಮಂದಿ ಪಾಸು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ನಡೆಯುತ್ತದೆ.

ಕರ್ನಾಟಕದಲ್ಲಿ ಕೆ-ಸೆಟ್ ಇದೆಯಲ್ಲ, ಅದು ಸುಲಭವಂತೆ ಎಂದು ಬಳ್ಳಾರಿಯ ಗೆಳೆಯರು ಹೇಳುತ್ತಾರೆ. ಸುಲಭವೋ ಕಷ್ಟವೋ, ಒಂದು ರಾಜ್ಯದ ಸೆಟ್ ಆ ರಾಜ್ಯದ ಕಾಲೇಜುಗಳಲ್ಲಿ ಮಾತ್ರ ನಡೆಯುತ್ತದೆ. ಬಳ್ಳಾರಿಯ ಹುಡುಗನಿಗೆ ಅಷ್ಟು ಸಾಕು. ಆಸ್ಪರಿಯ ಹುಡುಗನಿಗೆ ಎರಡು ಕಡೆಯೂ ಬಾಗಿಲು ತೆರೆದಿಟ್ಟುಕೊಳ್ಳುವ ಅಗತ್ಯವಿದೆ. ನೆಟ್ ದೇಶಕ್ಕೆಲ್ಲ ಸಲ್ಲುತ್ತದೆ. ಓದುವ ಪಠ್ಯ ಎರಡಕ್ಕೂ ಒಂದೇ ಆದದ್ದರಿಂದ ನೆಟ್‌ಗೆ ಓದಿದವನು ಸೆಟ್ ಕೂಡ ಬರೆದಿಡಲಿ, ತಪ್ಪಿಲ್ಲ.

ಈಗ ದುಡ್ಡು. ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಂಶೋಧನೆಯ ಫೆಲೋಶಿಪ್ಪಾದ ಜೆಆರ್‌ಎಫ್ ಸಿಗುತ್ತದೆ. 2023ರ ಜನವರಿ 1ರಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ. ಆಮೇಲೆ ಎಸ್‌ಆರ್‌ಎಫ್ ಆಗಿ 42,000. ಮೊದಲ ಎರಡು ವರ್ಷಕ್ಕೆ 8 ಲಕ್ಷದ 88 ಸಾವಿರ, ಮುಂದಿನ ಮೂರು ವರ್ಷಕ್ಕೆ 15 ಲಕ್ಷದ 12 ಸಾವಿರ. ಕೂಡಿಸಿದರೆ ಐದು ವರ್ಷದಲ್ಲಿ ಸರಿಯಾಗಿ 24 ಲಕ್ಷ, ಮನೆ ಬಾಡಿಗೆ ಭತ್ಯೆ ಬಿಟ್ಟು. ಕನ್ನಡ ಓದಿದರೆ ಏನು ಬರುತ್ತದೆ ಎಂದು ಹಂಗಿಸುವ ಸೋದರಮಾವನಿಗೆ ಈ ಲೆಕ್ಕ ತೋರಿಸಿ.

ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಡಿ. 2022ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ಏರಿಸಿದಾಗ ಅವರ ವಿದ್ಯಾರ್ಹತೆ, ಅನುಭವ ನೋಡಿ 26,000ದಿಂದ 32,000 ರೂಪಾಯಿವರೆಗೆ ನಿಗದಿ ಮಾಡಿತು. ಆಮೇಲೆ ಇನ್ನೂ ಸ್ವಲ್ಪ ಏರಿಸಿದೆ. ಇನ್ನೂ ಕಲಿಯುತ್ತಿರುವ ಸಂಶೋಧಕನ ಕೈಗೆ ಬರುವುದು ವರ್ಷಗಟ್ಟಲೆ ಪಾಠ ಹೇಳಿದ ಅತಿಥಿ ಉಪನ್ಯಾಸಕನಿಗೆ ಅಂದು ಗೊತ್ತುಮಾಡಿದ ಗೌರವಧನಕ್ಕಿಂತ ಹೆಚ್ಚು, ಮೇಲಾಗಿ ಐದು ವರ್ಷದ ಭರವಸೆ. ವ್ಯವಸ್ಥೆಯ ಈ ವಿಚಿತ್ರವನ್ನು ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ, ತಿಳಿದುಕೊಂಡು ನಡೆಯುವುದು ಇದೆ. ಎಂ.ಎ. ಮುಗಿಸಿ ನೆಟ್ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ಸೇರಿ, ಅಲ್ಲೇ ಕುಳಿತು ನೆಟ್ ಓದುತ್ತೇನೆ ಎಂದವರು ಓದುವುದು ಕಡಿಮೆ. ಬಸ್ಸಿನ ಓಡಾಟ, ಪರೀಕ್ಷಾ ಕೆಲಸ, ಮನೆಯ ಖರ್ಚು ಎಲ್ಲ ಹೆಗಲೇರುತ್ತವೆ.

ಆದರೆ ಜೆಆರ್‌ಎಫ್ ಎಲ್ಲರಿಗೂ ಸಿಗುವ ಬೆಳೆಯಲ್ಲ. ನಮ್ಮ ತುಗ್ಗಲಿ, ಜೊನ್ನಗಿರಿ ಕಡೆ ಮೊದಲ ಮಳೆ ಬಿದ್ದೊಡನೆ ಜನ ಬುತ್ತಿ ಕಟ್ಟಿಕೊಂಡು ಹೊಲಗಳಲ್ಲಿ ವಜ್ರ ಹುಡುಕಲು ಇಳಿಯುತ್ತಾರಲ್ಲ, ಹಾಗೆ: ಸಿಕ್ಕವನ ಹೆಸರು ಇಡೀ ಸೀಮೆಗೆ ಗೊತ್ತು, ಸಿಗದೆ ಬೆನ್ನು ನೋಯಿಸಿಕೊಂಡು ಮನೆಗೆ ಹೋದವರ ಲೆಕ್ಕ ಇಟ್ಟವರಿಲ್ಲ. ಸಾಮಾನ್ಯ ವರ್ಗಕ್ಕೆ ಜೆಆರ್‌ಎಫ್ ವಯೋಮಿತಿ 30. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಂಗವಿಕಲರಿಗೆ ಐದು ವರ್ಷ ವಿನಾಯಿತಿ ಇದೆ. ಆ ವಯಸ್ಸಿನವರೆಗೂ ಹುಡುಕುತ್ತಲೇ ಇರುತ್ತೇನೆ ಎಂದರೆ ಮನೆಯವರು ಒಪ್ಪಲಿಕ್ಕಿಲ್ಲ, ಒಪ್ಪಬೇಕೆಂದೂ ಇಲ್ಲ. ಎಂ.ಎ.ಯ ಎರಡನೇ ವರ್ಷ ಒಂದು ಸಲ, ಮುಗಿದ ಮೇಲೆ ಎರಡು ಮೂರು ಸಲ ಮನಸ್ಸಿಟ್ಟು ಬರೆದು ನೋಡಿ. ಅಷ್ಟರಲ್ಲಿ ಗೊತ್ತಾಗುತ್ತದೆ.

ಜೆಆರ್‌ಎಫ್ ಸಿಗದೆ ನೆಟ್ ಮಾತ್ರ ಆದವರಿಗೆ ಬೇರೆ ಫೆಲೋಶಿಪ್‌ಗಳಿವೆ. ಪರಿಶಿಷ್ಟ ಜಾತಿಯವರ ರಾಷ್ಟ್ರೀಯ ಫೆಲೋಶಿಪ್‌ನಲ್ಲಿ ವರ್ಷಕ್ಕೆ 2,000, ಹಿಂದುಳಿದ ವರ್ಗದವರದರಲ್ಲಿ 1,000, ಪರಿಶಿಷ್ಟ ಪಂಗಡದವರದರಲ್ಲಿ 750 ಮಂದಿಗೆ ಅವಕಾಶ. ಆದೋನಿಯ ಮುಸ್ಲಿಂ ವಿದ್ಯಾರ್ಥಿಗಳು ಹಿಂದೆ ನೆಚ್ಚಿಕೊಂಡಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022–23ರಿಂದ ಕೇಂದ್ರ ಸರ್ಕಾರ ನಿಲ್ಲಿಸಿದೆ. ಇನ್ನೂ ಅದರ ಹೆಸರು ಹೇಳಿ ಪಿಎಚ್‌.ಡಿ.ಗೆ ಸೇರಿಸುವವರಿದ್ದರೆ ನಂಬಬೇಡಿ. ಆ ವಿದ್ಯಾರ್ಥಿಗಳಲ್ಲಿ ಹಿಂದುಳಿದ ವರ್ಗದ ಪಟ್ಟಿಯಲ್ಲಿರುವವರು ಒಬಿಸಿ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು.

ಫೆಲೋಶಿಪ್ ಇಲ್ಲದ ಪಿಎಚ್‌.ಡಿ.ಗೆ ಸೇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎಂದು 2022ರ ಯುಜಿಸಿ ನಿಯಮ ಹೇಳುತ್ತದೆ. ಆರು ವರ್ಷ ಸ್ವಂತ ಖರ್ಚಿನಲ್ಲಿ ಕ್ಷೇತ್ರಕಾರ್ಯ ಮಾಡಿ ಪ್ರಬಂಧ ಬರೆಯಲು ಹೊಲ ಮಾರುವಷ್ಟು ಈ ಪದವಿ ದೊಡ್ಡದಲ್ಲ. ಕೆಲಸದಲ್ಲಿದ್ದು ಬಡ್ತಿಗಾಗಿ ಮಾಡುವವರ ಮಾತು ಬೇರೆ.

ಇನ್ನು ಗಡಿಯ ನಿಯಮಗಳು. ಇವುಗಳ ಬಗ್ಗೆ ಟೀ ಅಂಗಡಿಯಲ್ಲಿ ಕೇಳುವ ಮಾತಿನಲ್ಲಿ ಅರ್ಧ ತಪ್ಪು. "ಕರ್ನಾಟಕದಾಗ ಓದಿದ್ರ ಆಂಧ್ರದಾಗ ನೌಕರಿ ಸಿಗಂಗಿಲ್ಲ" ಎಂಬುದು ಅದರಲ್ಲಿ ಮೊದಲನೆಯದು. ಸಂವಿಧಾನದ 371-ಡಿ ವಿಧಿಯ ಕೆಳಗೆ 1975ರಲ್ಲಿ ಬಂದ ರಾಷ್ಟ್ರಪತಿಗಳ ಆದೇಶದಂತೆ ಉದ್ಯೋಗದಲ್ಲಿ ಸ್ಥಳೀಯರು ಯಾರು ಎಂದು ನೋಡುವುದು ಹತ್ತನೇ ತರಗತಿಗೆ ಮುಗಿಯುವ ನಾಲ್ಕು ವರ್ಷ ನೀವು ಎಲ್ಲಿ ಓದಿದಿರಿ ಎಂಬುದರಿಂದ. ಡಿಎಸ್‌ಸಿಯಂಥ ಜಿಲ್ಲಾ ಮಟ್ಟದ ಹುದ್ದೆಗಳಲ್ಲಿ ಶೇಕಡಾ 80 ಸ್ಥಳೀಯರಿಗೆ. ಆಸ್ಪರಿಯ ಹೈಸ್ಕೂಲಿನಲ್ಲಿ ಓದಿದವನು ಎಂ.ಎ.ಯನ್ನು ಹಂಪಿಯಲ್ಲಿ ಮಾಡಲಿ, ಧಾರವಾಡದಲ್ಲಿ ಮಾಡಲಿ, ಕರ್ನೂಲು ಜಿಲ್ಲೆಯ ಹುದ್ದೆಗೆ ಅವನು ಸ್ಥಳೀಯನೇ. ಉಲ್ಟಾ ಪ್ರಕರಣ ನೋಡಿ: ಇಂಗ್ಲಿಷ್ ಮಾಧ್ಯಮ ಚೆನ್ನಾಗಿದೆ ಎಂದು ಏಳನೇ ತರಗತಿಗೇ ಮಗನನ್ನು ಬಳ್ಳಾರಿಯ ಹಾಸ್ಟೆಲಿಗೆ ಹಾಕಿದವರು, ಅರಿವಿಲ್ಲದೆ ಅವನ ಸ್ಥಳೀಯತೆಯನ್ನೂ ಕಳೆದಿರುತ್ತಾರೆ.

ಕಾಲೇಜು ಪ್ರವೇಶದ ನಿಯಮ ಇದಕ್ಕಿಂತ ಬೇರೆ, 1974ರ ಇನ್ನೊಂದು ಆದೇಶದ್ದು. ಅಲ್ಲಿ ನೋಡುವುದು ಅರ್ಹತಾ ಪರೀಕ್ಷೆಗೆ ಮುಗಿಯುವ ವರ್ಷಗಳನ್ನು. ಬಳ್ಳಾರಿಯಲ್ಲಿ ಡಿಗ್ರಿ ಮಾಡಿ ಪಿಜಿಗೆ ಮರಳಿ ಆಂಧ್ರಕ್ಕೆ ಬರುವವರಿಗೆ ಸ್ಥಳೀಯರೋ ಅಲ್ಲವೋ ಎಂಬ ಪ್ರಶ್ನೆ ಕೌನ್ಸೆಲಿಂಗ್ ಮೇಜಿನ ಮುಂದೆ ಏಳುತ್ತದೆ. ಓದು ಒಂದು ಕಡೆ, ನೌಕರಿ ಒಂದು ಕಡೆ. ಎರಡರ ನಿಯಮ ಕಲಸಬೇಡಿ.

ಕರ್ನಾಟಕದ ಕಡೆ ನೋಡಿದರೆ 371-ಜೆ. 2012ರ 98ನೇ ತಿದ್ದುಪಡಿಯಿಂದ ಬಂದ ಇದರ ಕೆಳಗೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರ ಜಿಲ್ಲೆಗಳಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸೀಟು ಆ ಭಾಗದವರಿಗೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ.ಗೋ ರಾಯಚೂರಿನ ವಿ.ವಿ.ಗೋ ಅರ್ಜಿ ಹಾಕುವ ಆಸ್ಪರಿಯವರು ಉಳಿದ ಪಾಲಿನಲ್ಲಿ, ಅದೂ ಬಹುಮಟ್ಟಿಗೆ ಸಾಮಾನ್ಯ ವರ್ಗದವರಾಗಿ ಪೈಪೋಟಿ ಮಾಡಬೇಕು; ಆಂಧ್ರದ ಜಾತಿ ಪತ್ರ ಅಲ್ಲಿಯ ಮೀಸಲಾತಿಗೆ ನಡೆಯುವುದಿಲ್ಲ. ಗಡಿನಾಡು, ಹೊರನಾಡು ಕನ್ನಡಿಗರಿಗೆ ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಕೆಲವು ಷರತ್ತುಗಳಿವೆ, ಗಡಿನಾಡಿನ ಷರತ್ತಿನಲ್ಲಿ ತಾಲ್ಲೂಕುಗಳ ಹೆಸರನ್ನೇ ಬರೆದಿರುತ್ತಾರೆ. ಕೈಪಿಡಿ ತೆಗೆದು ನಿಮ್ಮ ತಾಲ್ಲೂಕಿನ ಹೆಸರು ಇದೆಯೇ ಎಂದು ಬೆರಳಿಟ್ಟು ಓದಿ. 'ನಾವೂ ಗಡಿಯವರೇ' ಎಂಬ ಭಾವನೆಗೆ ಅಲ್ಲಿ ಕಾಲಂ ಇಲ್ಲ.

ಗಡಿ ಲೆಕ್ಕಕ್ಕೇ ಬಾರದ ಜಾಗಗಳೆಂದರೆ ಕೇಂದ್ರ ಸರ್ಕಾರದವು. ಹೈದರಾಬಾದ್ ವಿ.ವಿ., ಕಲಬುರಗಿ ಹತ್ತಿರ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿ.ವಿ., ಅನಂತಪುರದಲ್ಲಿ 2018ರಲ್ಲಿ ಶುರುವಾದ ಆಂಧ್ರದ ಕೇಂದ್ರೀಯ ವಿ.ವಿ. ಸಿಯುಇಟಿ-ಪಿಜಿ ಎಂಬ ಒಂದೇ ಪರೀಕ್ಷೆ ಬರೆದರೆ ಈ ಮೂರಕ್ಕೂ ಅರ್ಜಿ ಹಾಕಬಹುದು. ನಿಮ್ಮ ಕೇಂದ್ರ ಪಟ್ಟಿಯ ಜಾತಿ ಪತ್ರ ಎಲ್ಲ ಕಡೆ ಸಲ್ಲುತ್ತದೆ, ಫೀಸು ಕಡಿಮೆ. ಕಡಗಂಚಿಯಲ್ಲಿ ಕನ್ನಡ ವಿಭಾಗವೂ ಇದೆ, ಆಸ್ಪರಿ ಸ್ಟೇಷನ್ನಿನ ಹಳಿಯೇ ಆದೋನಿ, ರಾಯಚೂರು, ವಾಡಿ ದಾಟಿ ಕಲಬುರಗಿಗೆ ಹೋಗುತ್ತದೆ. ಇಷ್ಟಿದ್ದೂ ನಮ್ಮ ಕಡೆಯ ಮಕ್ಕಳು ಈ ಪರೀಕ್ಷೆಗೆ ಅರ್ಜಿ ಹಾಕುವುದು ಕಡಿಮೆ, ಏಕೆಂದರೆ ಅರ್ಜಿಯ ಗಡುವು ಡಿಗ್ರಿಯ ಕೊನೆಯ ಸೆಮಿಸ್ಟರ್ ನಡೆಯುವಾಗಲೇ ಮುಗಿದಿರುತ್ತದೆ. ಫಲಿತಾಂಶ ಬಂದ ಮೇಲೆ ಯೋಚಿಸಿದರಾಯಿತು ಎನ್ನುವವರಿಗೆ ಉಳಿಯುವುದು ಉಳಿದ ಸೀಟು.

ಕುಪ್ಪಂನ ದ್ರಾವಿಡ ವಿ.ವಿ.ಯನ್ನೂ ಮರೆಯಬಾರದು. 1997ರಲ್ಲಿ ಆಂಧ್ರ ಸರ್ಕಾರವೇ ಕಟ್ಟಿದ್ದು, ಕನ್ನಡ ಮತ್ತು ಅನುವಾದ ಅಧ್ಯಯನಕ್ಕೆ ವಿಭಾಗವಿದೆ. ಆಂಧ್ರದ ಕನ್ನಡ ವಿದ್ಯಾರ್ಥಿಗೆ ಅದು ತನ್ನದೇ ರಾಜ್ಯದ ಸಂಸ್ಥೆ, ಹಾಗಾಗಿ ಶುಲ್ಕ ಮರುಪಾವತಿಯ ದಾರಿ ಸರಳ. ತೆಲುಗು–ಕನ್ನಡ ಎರಡನ್ನೂ ನೀರು ಕುಡಿದಂತೆ ಆಡುವುದು ಈ ಸೀಮೆಯ ಮಕ್ಕಳಿಗೆ ಹುಟ್ಟಿನಿಂದ ಬಂದ ಬಂಡವಾಳ, ಅದನ್ನು ಓದಿನ ಪಟ್ಟಿಗೆ ಸೇರಿಸಿಕೊಳ್ಳುವವರು ಕಡಿಮೆ.

ಪಿಜಿ ಬೇಡದ ಕೆಲಸಗಳ ಬಗ್ಗೆಯೂ ಒಂದು ಮಾತು ಇಲ್ಲಿಯೇ ಬರಲಿ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಡಿಗ್ರಿ ಸಾಕು, ಸ್ಥಳೀಯ ಭಾಷೆ ಬರಬೇಕು. ಕನ್ನಡ ಓದಿದ ಆಸ್ಪರಿಯ ಹುಡುಗಿ ಕರ್ನಾಟಕ ಗ್ರಾಮೀಣ ಬ್ಯಾಂಕಿಗೂ ಅರ್ಜಿ ಹಾಕಬಹುದು; 2025ರ ಮೇ ತಿಂಗಳಲ್ಲಿ ಎರಡು ಬ್ಯಾಂಕು ಸೇರಿ ಒಂದಾದ ಅದರ ಕೇಂದ್ರ ಕಚೇರಿ ಬಳ್ಳಾರಿಯಲ್ಲೇ ಇದೆ. ಬ್ಯಾಂಕಿಗೆ ಹೋಗುವವಳಿಗೆ ಎಂ.ಕಾಂ. ಏಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಆ ಪ್ರಶ್ನೆಗೆ ಸಿಟ್ಟಾಗುವ ಮುಂಚೆ ಉತ್ತರ ಇದೆಯೇ ನೋಡಿಕೊಳ್ಳಿ. ಕೆಲಸ ಸಿಗುವ ತನಕ ಏನಾದರೂ ಓದುತ್ತಿರೋಣ ಎಂದು ಸೇರುವ ಪಿಜಿಗಳೇ ಹೆಚ್ಚು. ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಒಳಗೆ ಇನ್ನೊಂದು ಕಾರಣ ಅಡಗಿರುತ್ತದೆ: ಓದುತ್ತಿದ್ದಾಳೆ ಎಂದರೆ ಮದುವೆಯ ಮಾತು ಎರಡು ವರ್ಷ ಮುಂದೆ ಹೋಗುತ್ತದೆ. ಆ ಕಾರಣವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹಾಗೆ ಸಿಕ್ಕ ಎರಡು ವರ್ಷದಲ್ಲಿ ಪದವಿಯ ಜೊತೆ ಒಂದು ಪರೀಕ್ಷೆಯೂ ಪಾಸಾಗಿರಲಿ, ಅಷ್ಟೇ.

ಎರಡು ವರ್ಷದ ಪಿಜಿಗೆ ದುಡ್ಡು ಎಲ್ಲಿಂದ? 2023–24ರಲ್ಲಿ ಶುರುವಾದ ಯುಜಿಸಿಯ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನ ಇದೆ: ತಿಂಗಳಿಗೆ 15,000, ವರ್ಷಕ್ಕೆ ಹತ್ತು ತಿಂಗಳು. ವರ್ಷಕ್ಕೆ 10,000 ಮಂದಿಗೆ, ಅದರಲ್ಲಿ ಶೇಕಡಾ 30 ಹೆಣ್ಣುಮಕ್ಕಳಿಗೆ. ಆಯ್ಕೆ ನಡೆಯುವುದು ಡಿಗ್ರಿಯ ಅಂಕಗಳ ಮೇಲೆ. ಎರಡು ವರ್ಷಕ್ಕೆ 3 ಲಕ್ಷ, ಸರ್ಕಾರಿ ವಿ.ವಿ.ಯ ಎಂ.ಎ.ಗೆ ಇದು ಊಟ, ಹಾಸ್ಟೆಲು, ಪುಸ್ತಕ ಎಲ್ಲ ಕಳೆದು ಮನೆಗೂ ಒಂದಿಷ್ಟು ಕಳಿಸುವಷ್ಟು ದುಡ್ಡು. ಎಂ.ಟೆಕ್.ಗೆ ಗೇಟ್ ಅಂಕದೊಂದಿಗೆ ಸೇರಿದರೆ ತಿಂಗಳಿಗೆ 12,400. ಜೆಆರ್‌ಎಫ್ ಏರಿತು, ಇದು ಬಹಳ ವರ್ಷಗಳಿಂದ ಅಲ್ಲೇ ನಿಂತಿದೆ. ಆದರೂ ಗೇಟ್ ಇಲ್ಲದೆ ಖಾಸಗಿ ಕಾಲೇಜಿನಲ್ಲಿ ಸ್ವಂತ ದುಡ್ಡು ಸುರಿದು ಮಾಡುವ ಎಂ.ಟೆಕ್.ಗಿಂತ ಎಷ್ಟೋ ವಾಸಿ. ಕೃಷಿ ಬಿ.ಎಸ್‌ಸಿ. ಮಾಡಿದವರು ಐಸಿಎಆರ್ ಪಿಜಿ ಪರೀಕ್ಷೆ ಬರೆದರೆ ರಾಯಚೂರಿನ ಕೃಷಿ ವಿ.ವಿ.ಯ ಬಾಗಿಲನ್ನು ಹೊರ ರಾಜ್ಯದವರಾಗಿಯೂ ತಟ್ಟಬಹುದು.

ಆಂಧ್ರದ ಶುಲ್ಕ ಮರುಪಾವತಿಯ ಕಥೆ ಬೇರೆ. ಸರ್ಕಾರ ಬದಲಾದಂತೆ ಯೋಜನೆಯ ಹೆಸರೂ ಬದಲಾಗುತ್ತದೆ, ನಿಯಮವೂ ಬದಲಾಗುತ್ತದೆ. 2020ರ ಡಿಸೆಂಬರಿನ 77ನೇ ನಂಬರಿನ ಜಿ.ಒ. ಖಾಸಗಿ ಕಾಲೇಜುಗಳಲ್ಲಿ ಪಿಜಿ ಓದುವವರನ್ನು ಶುಲ್ಕ ಮರುಪಾವತಿಯಿಂದ ಹೊರಗಿಟ್ಟಿತು. ನಿನ್ನೆಯವರೆಗೆ ಪುಕ್ಕಟೆ ಎಂದುಕೊಂಡಿದ್ದ ಎಂಬಿಎ, ಎಂಸಿಎ ಸೀಟುಗಳಿಗೆ ರಾತ್ರೋರಾತ್ರಿ ಬೆಲೆ ಬಂತು. ವಿದ್ಯಾರ್ಥಿ ಸಂಘಗಳು ಬೀದಿಗಿಳಿದವು, ಚುನಾವಣೆಯ ಭಾಷಣಗಳಲ್ಲೂ ಅದು ಬಂತು. ಒಂದು ಜಿ.ಒ. ಮೇಲೆ ನಿಂತಿರುವ ದುಡ್ಡನ್ನು ಕೈಯಲ್ಲಿರುವ ದುಡ್ಡೆಂದು ಎಣಿಸಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕೈಗೆ ಬರುವ ತಾರೀಕೂ ಮುಖ್ಯ. ವಿದ್ಯಾರ್ಥಿವೇತನ ಮಂಜೂರಾಗುವುದು ಒಂದು ತಿಂಗಳು, ಖಾತೆಗೆ ಬೀಳುವುದು ಎಷ್ಟೋ ತಿಂಗಳ ಮೇಲೆ. ಮೆಸ್ ಬಿಲ್ ಮಾತ್ರ ತಿಂಗಳು ತಿಂಗಳು ಬರುತ್ತದೆ. ಫೆಲೋಶಿಪ್ ಇದ್ದರೂ ಮೊದಲ ಆರು ತಿಂಗಳಿಗೆ ಬೇಕಾದ ದುಡ್ಡು ಬೇರೆ ಕಡೆಯಿಂದ ಹೊಂದಿಸಿಟ್ಟುಕೊಂಡೇ ಸೇರಿ. ಬೆಳೆಯ ದುಡ್ಡು ಕೈಸೇರುವ ಮೊದಲೇ ಖರ್ಚು ಬಂದು ನಿಲ್ಲುತ್ತದೆ ಎಂಬುದನ್ನು ಟೊಮೆಟೊ ಬೆಳೆಯುವ ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ಸಾಲದ ವಿಷಯಕ್ಕೆ ಬಂದರೆ, 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದೆ, ಅಡವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3 ಬಡ್ಡಿ ರಿಯಾಯಿತಿ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಆದರೆ ಇದು ಸರ್ಕಾರದ ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಲ್ಲಿ (ಶುರುವಿನಲ್ಲಿ 860) ಓದುವವರಿಗೆ ಮಾತ್ರ. ಆ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇದೆಯೇ ನೋಡಿ. ಇಲ್ಲದಿದ್ದರೆ ಬ್ಯಾಂಕಿನ ಸಾಮಾನ್ಯ ಶಿಕ್ಷಣ ಸಾಲ.

ಒಂದು ಉದಾಹರಣೆ ಹಾಕಿ ನೋಡೋಣ. ಬೆಂಗಳೂರಿನ ಯಾವುದೋ ಕಾಲೇಜಿನ ಎಂಬಿಎಗೆ ಶೇಕಡಾ 10.5 ಬಡ್ಡಿಯಲ್ಲಿ 5 ಲಕ್ಷ ಸಾಲ ತೆಗೆದಿರಿ ಎಂದುಕೊಳ್ಳಿ. ಓದುವ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಮಲಗುವುದಿಲ್ಲ. ಮೂರು ವರ್ಷದಲ್ಲಿ ಸಾಲ ಹತ್ತಿರ ಹತ್ತಿರ ಆರೂವರೆ ಲಕ್ಷ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 11,000 ಕಟ್ಟಬೇಕು. ಆಂಧ್ರದಲ್ಲಿ 2025–26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 307 ರೂಪಾಯಿ. ಆ ಒಂದು ಕಂತಿಗೆ ಮೂವತ್ತಾರು ದಿನದ ಕೂಲಿ ಬೇಕು, ತಿಂಗಳಲ್ಲಿರುವುದು ಮೂವತ್ತು ದಿನ. ಮಗನಿಗೆ ಕೆಲಸ ಸಿಗದಿದ್ದರೆ ಅಪ್ಪ ಕಟ್ಟುತ್ತಾನೆ ಎಂಬ ಮಾತು ಇಲ್ಲಿಗೆ ಮುಗಿಯಿತು. ಮೊದಲ ಸಂಬಳ 20,000ದ ಆಸುಪಾಸು ಇರುವ ಕೋರ್ಸಿಗೆ 5 ಲಕ್ಷದ ಸಾಲ ತೆಗೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸಾಲವೇ ಕೆಟ್ಟದ್ದೆಂದಲ್ಲ, ಐಐಟಿ, ಎನ್‌ಐಟಿಗಳ ಸೀಟಿಗೆ ತೆಗೆದ ಸಾಲ ಸಾಮಾನ್ಯವಾಗಿ ತೀರುತ್ತದೆ.

ವಿದೇಶದ ಮಾತು ಇಲ್ಲಿ ಚಿಕ್ಕದು. ಅಮೆರಿಕದ ಎಂ.ಎಸ್.ಗೆ ದುಡ್ಡು ಬಹುಮಟ್ಟಿಗೆ ನೀವೇ ಹಾಕಬೇಕು, ವಿಜ್ಞಾನದ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಜರ್ಮನಿಯ ಸರ್ಕಾರಿ ವಿ.ವಿ.ಗಳಲ್ಲಿ ಒಂದೆರಡು ಕಡೆ ಬಿಟ್ಟರೆ ಬೋಧನಾ ಶುಲ್ಕವಿಲ್ಲ, ಆದರೆ ವೀಸಾಕ್ಕೆ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕು. ಪರಿಶಿಷ್ಟ ಜಾತಿ, ಅಲೆಮಾರಿಗಳು, ಭೂಹೀನ ಕೂಲಿಕಾರರು, ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 125 ಮಂದಿಗೆ. 2022ರಿಂದ ಅದರಲ್ಲಿ ಭಾರತದ ಇತಿಹಾಸ, ಸಂಸ್ಕೃತಿ, ಸಮಾಜಗಳ ಅಧ್ಯಯನಕ್ಕೆ ಅವಕಾಶ ತೆಗೆದುಹಾಕಿದ್ದಾರೆ. ನಮ್ಮ ಸಮಾಜದ ಬಗ್ಗೆ ಹೊರಗೆ ಓದಲು ಹೊರಟವರಿಗೆ ಅದೊಂದು ಬಾಗಿಲು ಮುಚ್ಚಿತು.

ಎಲ್ಲ ನಿಯಮ, ಎಲ್ಲ ಲೆಕ್ಕ ಆದ ಮೇಲೆ ಎರಡು ಸಂಸ್ಥೆ ಉಳಿದವು ಎನ್ನಿ. ಆಗ ಆ ವಿಭಾಗಕ್ಕೇ ಒಮ್ಮೆ ಹೋಗಿ ಬನ್ನಿ. ಕಚೇರಿಯಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೇಳಿ. ಹಿಂದಿನ ಬ್ಯಾಚಿನಲ್ಲಿ ನೆಟ್ ಎಷ್ಟು ಜನ ಪಾಸಾದರು, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಗ್ರಂಥಾಲಯ ರಾತ್ರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಫೆಲೋಶಿಪ್ ಕೊನೆಯದಾಗಿ ಬಂದದ್ದು ಯಾವ ತಿಂಗಳು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೊದಲ ವರ್ಷದವರಿಗೆ ಜಾಗ ಸಿಗುತ್ತದೆಯೇ. ಹಾಸ್ಟೆಲ್ ಇಲ್ಲವೆಂದರೆ ಬಹಳ ಹುಡುಗಿಯರ ಪಿಜಿ ಅಲ್ಲಿಗೇ ನಿಲ್ಲುತ್ತದೆ. ಆಸ್ಪರಿಯಿಂದ ದಿನಾ ಬಳ್ಳಾರಿಗೆ ಹೋಗಿ ಬಂದು ಓದಿದವರಿದ್ದಾರೆ, ಆ ಓದಿನಲ್ಲಿ ನೆಟ್‌ಗೆ ಹೊತ್ತು ಉಳಿಯುವುದಿಲ್ಲ. ಹಾಸ್ಟೆಲ್ ಇರುವ ಎರಡನೇ ದರ್ಜೆಯ ವಿಭಾಗ, ಹಾಸ್ಟೆಲ್ ಇಲ್ಲದ ಮೊದಲ ದರ್ಜೆಯದಕ್ಕಿಂತ ಇವರಿಗೆ ಮೇಲು.

ಊರು ಬಿಡುವ ಮುನ್ನ ಇನ್ನೊಂದು ಕೆಲಸ ಮುಗಿಸಿಕೊಳ್ಳಿ. ನಾಲ್ಕರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಓದಿದ ಶಾಲೆಗಳಿಂದ ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಈಗಲೇ ತೆಗೆದಿಟ್ಟುಕೊಳ್ಳಿ. ಸ್ಥಳೀಯರು ಎಂದು ತೋರಿಸಲು ಬೇಕಾಗುವುದು ಅವೇ. ಕನ್ನಡ ಮಾಧ್ಯಮವೆಂದು ಅದರಲ್ಲಿ ಬರೆದಿದೆಯೇ ನೋಡಿ, ಬರೆಯದಿದ್ದರೆ ಬರೆಸಿಕೊಳ್ಳಿ. ಚಿಕ್ಕ ಶಾಲೆಗಳು ಬೇರೆ ಶಾಲೆಗಳೊಂದಿಗೆ ವಿಲೀನವಾಗುತ್ತಿರುವ ಕಾಲ. ಐದು ವರ್ಷ ಬಿಟ್ಟು ಬಂದರೆ ದಾಖಲೆ ಪುಸ್ತಕ ಯಾವ ಶಾಲೆಯ ಬೀರುವಿನಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಜಿಯ ಗಡುವು ಮುಗಿದಿರುತ್ತದೆ.